ಗೋಡೆ ಹತ್ತಿದ ತಂತಿ

ಮಗ್ಗಗಳು ನಿಂತಿದ್ದವು. ಮೀಟರು ತಿರುಗುತ್ತಿತ್ತು.

ಸಾತವ್ವ ಅರಿಶಿನದ ಭಂಡಾರದ ಬಟ್ಟಲು ಹಿಡಿದು ಅಲ್ಲೇ ನಿಂತಳು. ಅಂದು ಅಮಾವಾಸ್ಯೆ. ಬನಹಟ್ಟಿಯ ಆ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ಸೂಟಿ. ಬೆಳಿಗ್ಗೆಯೇ ಎದ್ದು ಎರಡೂ ಮಗ್ಗದ ಧೂಳು ಒರೆಸಿದ್ದಳು. ಲಾಳಿಗೆ ಎಣ್ಣೆ ಸವರಿ ನೂಲು ಸುತ್ತಿದ ಬೀಮಿಗೆ ಹೂವು ಏರಿಸಿದ್ದಳು. ಇನ್ನು ಉಳಿದದ್ದು ಗೋಡೆಯ ಮೇಲಿನ ಮೇನ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆಯಿಂದ ಹೊರಟ ಕರಿ ತಂತಿ. ಅದಕ್ಕೂ ಕುಲದೇವರು ಬೀರಪ್ಪನ ಭಂಡಾರ ಹಚ್ಚುವುದು ಅವಳ ಪದ್ಧತಿ. ಪೆಟ್ಟಿಗೆಯ ಪಕ್ಕದಲ್ಲೇ ಮೀಟರು. ಗಾಜಿನ ಹಿಂದೆ ತೆಳ್ಳನೆಯ ತಗಡಿನ ಚಕ್ರ, ಅದರ ಅಂಚಿಗೊಂದು ಕರಿ ಗುರುತು. ಗುರುತು ಬಂತು. ಹೋಯಿತು. ಮತ್ತೆ ಬಂತು.

ಅವಳು ಬಲ್ಬು ನೋಡಿದಳು. ಆರಿತ್ತು. ಫ್ಯಾನು ನೋಡಿದಳು. ನಿಂತಿತ್ತು. ಮೊಬೈಲನ್ನು ಚಾರ್ಜಿಗೂ ಹಾಕಿರಲಿಲ್ಲ.

“ಇಲ್ಲಿ ಬಾ ಸ್ವಲ್ಪ,” ಎಂದು ಗಂಡನನ್ನು ಕರೆದಳು.

ಭೀಮಶಿ ಬಂದು ಬಾಗಿಲಲ್ಲೇ ನಿಂತ. ಆ ಪೆಟ್ಟಿಗೆಯ ಹತ್ತಿರ ಅವನು ಹೋಗದೆ ವರ್ಷವಾಗಿತ್ತು. ಹೋದ ಮಳೆಗಾಲದಲ್ಲಿ ಗೋಡೆ ತೊಯ್ದಿತ್ತು. ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿದ, ಕರೆಂಟು ಹಿಡಿಯಿತು. ಬಿಡಿಸಲು ಸಾತವ್ವ ಒನಕೆ ತಂದು ಅವನ ಮೊಳಕೈಗೆ ಹೊಡೆದಿದ್ದಳು. ಮೊಳಕೈ ಮುರಿಯಿತು, ಜೀವ ಉಳಿಯಿತು. ಬಲಗೈಯ ಎರಡು ಬೆರಳು ಸುಟ್ಟು ಮಡಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ಆ ವಾಸನೆ ಸಾತವ್ವನ ಮೂಗಿನಿಂದ ಇನ್ನೂ ಹೋಗಿಲ್ಲ. ಈಗ ಅವನು ಮಗ್ಗ ನಡೆಸಲಾರ. ಲಾಳಿಯೊಳಗೆ ಕೂಡಿಸುವ ನೂಲಿನ ಕಂಡಕಿಗಳನ್ನು ಎಡಗೈಯಲ್ಲಿ ಸುತ್ತುತ್ತಾನೆ. ಎರಡು ಮಗ್ಗದ ನಡುವೆ ದಿನಕ್ಕೆ ಹನ್ನೆರಡು ತಾಸು ನಿಂತ ಕಾಲಲ್ಲಿ ದುಡಿಯುವವಳು ಸಾತವ್ವ. ಸಂಜೆ ಹೊತ್ತಿಗೆ ಅವಳ ಪಾದಗಳು ಊದಿ ಚಪ್ಪಲಿಯೊಳಗೆ ಹೋಗುವುದಿಲ್ಲ.

“ಏನಾತು?”

“ಮೀಟರ್ ತಿರಗಾಕತ್ತೈತಿ.”

“ತಿರಗ್ಲಿ ಬಿಡು.”

“ಮಗ್ಗ ನಿಂತಾವ. ಎಲ್ಲಾ ನಿಂತೈತಿ. ಅದೊಂದ ತಿರಗಾಕತ್ತೈತಿ.”

ಭೀಮಶಿ ಓಣಿಯ ಕಡೆ ನೋಡಿ ದನಿ ಇಳಿಸಿದ. “ನೀ ಏನೂ ನೋಡಿಲ್ಲ. ಗೊತ್ತಾತಿಲ್ಲೊ? ಏನೂ ನೋಡಿಲ್ಲ.”

ನೋಡಿಲ್ಲ ಎಂದುಕೊಳ್ಳಲು ಸಾತವ್ವ ಪ್ರಯತ್ನ ಮಾಡಿದಳು. ಆಗಲಿಲ್ಲ. ಕಣ್ಣು ತಾನಾಗಿ ತಂತಿಯ ಹಿಂದೆ ಹೋಯಿತು.

ಆ ತಂತಿ ಬಂದದ್ದು ಚಳಿಗಾಲದಲ್ಲಿ. ಹಾಕಿಸಿಕೊಟ್ಟವನು ಶಿದ್ರಾಮಪ್ಪ ಸಾವ್ಕಾರ. ಶೆಡ್ಡು ಅವನದು, ನೂಲು ಅವನದು, ನೇಯ್ದ ಸೀರೆ ಅವನದು, ಕರೆಂಟು ಅವನ ಹೆಸರಿನದು. ಸಾತವ್ವನದು ಎಂದರೆ ಆ ಎರಡು ಮಗ್ಗ ಮಾತ್ರ. ತುಬಚಿಯ ತವರಿನಿಂದ ಬಂದ ಮೂವತ್ತು ಕುರಿ ಮಾರಿ, ಇಚಲಕರಂಜಿಯಿಂದ ತಂದ ಹಳೆಯ ಮಗ್ಗಗಳು. ಭೀಮಶಿಯ ಕೈ ಸುಟ್ಟ ಮೇಲೆ ಸಾವ್ಕಾರ ತಾನೇ ಶೆಡ್ಡಿಗೆ ಬಂದಿದ್ದ. “ನನ್ನ ಹೊಟ್ಟಿಗೆ ಬೆಂಕಿ ಬಿದ್ದಂಗ ಆಗೈತಿ. ಇನ್ನ ಶಾಕ್ ಹೊಡೀದಂಗ ಅರ್ಥಿಂಗ್ ತಂತಿ ಹಾಕಸ್ತೇನಿ. ಖರ್ಚು ನಂದು,” ಎಂದಿದ್ದ. ಮಿಸ್ತ್ರಿ ಬಂದು ಅರ್ಧ ದಿನ ಬಾಗಿಲು ಹಾಕಿಕೊಂಡು ಕೆಲಸ ಮಾಡಿ ಹೋದ. ಪೆಟ್ಟಿಗೆಯೂ ಹೊಸದಾಗಿ ಬಂತು. ಇನ್ನು ಈ ಹಿಡಿಕೆಗೆ ಯಾರೂ ಕೈ ಹಚ್ಚಬಾರದು ಎಂದು ಸಾವ್ಕಾರ ತಾಕೀತು ಮಾಡಿದ. ಗಂಡ ಹೆಂಡತಿ ಇಬ್ಬರೂ ಸಾವ್ಕಾರನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅಂದಿನಿಂದ ಪ್ರತಿ ಅಮಾವಾಸ್ಯೆ ತಂತಿಗೆ ಭಂಡಾರ.

ಅರ್ಥಿಂಗ್ ತಂತಿ ನೆಲಕ್ಕೆ ಹೋಗಬೇಕು. ಅಷ್ಟು ಸಾತವ್ವನಿಗೂ ಗೊತ್ತಿತ್ತು. ತವರಲ್ಲಿ ಬೋರಿನ ಪಂಪಿಗೆ ಕುಣಿ ತೋಡಿ, ಉಪ್ಪು ಇದ್ದಿಲು ತುಂಬಿ, ತಂತಿ ಹೂಳಿದ್ದನ್ನು ಅವಳು ಕಂಡಿದ್ದಾಳೆ. ಈ ತಂತಿ ನೆಲಕ್ಕೆ ಹೋಗಿರಲಿಲ್ಲ. ಗೋಡೆ ಹತ್ತಿತ್ತು. ಮಾಡಿನ ತಗಡಿನ ಪತ್ರಾಸಿನ ಸಂದಿಯಲ್ಲಿ ತೂರಿ ಆಚೆ ಇಳಿದಿತ್ತು. ಆರು ತಿಂಗಳು ಕಣ್ಣೆದುರಿಗೇ ಇತ್ತು. ಕೈ ಮುಗಿಯುವವರು ಕಣ್ಣು ಮುಚ್ಚಿಕೊಂಡಿರುತ್ತಾರೆ, ನೋಡುವುದೆಲ್ಲಿ ಬಂತು?

ಗೋಡೆಯ ಆಚೆ ಸಾವ್ಕಾರನ ಮಗ ಬಸವಕುಮಾರನ ನೀರಿನ ಪ್ಲಾಂಟು. ಬೋರಿನ ನೀರು ಎತ್ತಿ, ಸೋಸಿ, ತಣ್ಣಗೆ ಮಾಡಿ ಕ್ಯಾನಿಗೆ ತುಂಬುವ ಮಷೀನು. ಅದೂ ಚಳಿಗಾಲದಲ್ಲೇ ಶುರುವಾದದ್ದು. ಮಗ್ಗದ ಖಟಖಟದಲ್ಲಿ ಅದರ ದನಿ ಕೇಳುತ್ತಿರಲಿಲ್ಲ. ಹಿಂದಿನ ಅಮಾವಾಸ್ಯೆಗಳಂದು ಪ್ಲಾಂಟು ತೆಗೆಯುವ ಮೊದಲೇ ಪೂಜೆ ಮುಗಿಸುತ್ತಿದ್ದಳು, ಇಂದು ತಡವಾಗಿತ್ತು. ಇಂದು ಗುಂಯ್ ಎನ್ನುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಸಾತವ್ವ ಎರಡು ದಿನಕ್ಕೊಂದು ಕ್ಯಾನು ಅಲ್ಲಿಂದಲೇ ತರುತ್ತಿದ್ದಳು. ಹದಿನೈದು ರೂಪಾಯಿ. ತಾನು ಬಿಲ್ಲು ತುಂಬುವ ಕರೆಂಟಿನಲ್ಲಿ ತಣ್ಣಗಾದ ನೀರನ್ನು ತಾನೇ ರೊಕ್ಕ ಕೊಟ್ಟು ಕುಡಿದಿದ್ದಳು. ಮೇಲೆ ಪೂಜೆ ಬೇರೆ.

ಸಿಟ್ಟು ಬರಬೇಕಿತ್ತು. ಬಂದದ್ದು ಹೆದರಿಕೆ. ಬಟ್ಟಲು ವಾಲಿ ಭಂಡಾರ ನೆಲಕ್ಕೆ ಚೆಲ್ಲಿತು. ಇದು ತನಗೆ ಗೊತ್ತಾಗಿದೆ ಎಂದು ಸಾವ್ಕಾರನಿಗೆ ಗೊತ್ತಾದರೆ? ನಾಳೆ ನೂಲು ಬಂದ್ ಆಗುತ್ತದೆ. ನಾಡಿದ್ದು ಮಗ್ಗಗಳು ಬೀದಿಯಲ್ಲಿರುತ್ತವೆ. ಮೂವತ್ತು ಕುರಿ, ಒಂದು ಕೈ, ಹನ್ನೊಂದು ವರ್ಷ.

ಹನ್ನೊಂದು ವರ್ಷ ನೇಯ್ದರೂ ಸಾತವ್ವ ನೇಕಾರಳಲ್ಲ. ನೇಕಾರರ ಮಗ್ಗಕ್ಕೆ ಸರಕಾರದಿಂದ ಕರೆಂಟಿನ ಸವಲತ್ತು ಉಂಟು ಎಂದು ಓಣಿಯೆಲ್ಲ ಮಾತಾಡುತ್ತದೆ. ಸಾವ್ಕಾರನ ಮನೆಯ ದೊಡ್ಡ ಮೀಟರಿಗೆ ಅದು ಬರುತ್ತದೆ. ಸಾತವ್ವನ ಶೆಡ್ಡಿನಲ್ಲಿರುವುದು ಸಾವ್ಕಾರ ಕೂಡಿಸಿದ ಸಣ್ಣ ಮೀಟರು. ಇದಕ್ಕೆ ಯುನಿಟ್ಟಿಗೆ ಎಂಟು ರೂಪಾಯಿ. ಆ ಸವಲತ್ತು ನಮಗೂ ಸ್ವಲ್ಪ ಬರಲಿ ಎಂದು ಒಮ್ಮೆ ಕೇಳಿದ್ದಳು. “ಅದು ನೇಕಾರ್ರಿಗವ್ವಾ. ನೀವು ಕುರಿ ಕಾಯಾವ್ರು,” ಎಂದಿದ್ದ ಸಾವ್ಕಾರ, ನಗುತ್ತಲೇ. ಅವನು ಕೈಯಾರೆ ಒಂದು ಗೇಣು ಬಟ್ಟೆ ನೇಯ್ದದ್ದನ್ನು ಯಾರೂ ಕಂಡಿಲ್ಲ. ಆದರೂ ಕಾಗದದಲ್ಲಿ ಅವನು ನೇಕಾರ. ಸೆರಗು ಸೆರಗಿಗೂ ಬೆನ್ನು ಮುರಿದುಕೊಂಡವಳು ಕುರಿ ಕಾಯುವವಳು.

ಮೊದಲು ತಿಂಗಳಿಗೆ ಎರಡೂವರೆ ಸಾವಿರದ ಒಳಗೇ ಬರುತ್ತಿದ್ದ ಕರೆಂಟಿನ ರೊಕ್ಕ ಚಳಿಗಾಲದಿಂದ ಐದಾಯಿತು, ಆರಾಯಿತು, ಬೇಸಿಗೆಗೆ ಏಳು ದಾಟಿತು. ಸಾವ್ಕಾರ ಅದನ್ನು ಮಜೂರಿಯಲ್ಲೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದ. ಕೇಳಿದರೆ, “ಹಳೇ ಮಗ್ಗ ಅದಾವು. ಕರೆಂಟ್ ಬಾಳ ತಿಂತಾವ,” ಎನ್ನುತ್ತಿದ್ದ. ಸಾತವ್ವ ನಂಬಿದಳು. ತನ್ನ ಮಗ್ಗಗಳನ್ನೇ ಬೈದಳು. ಮತ್ತಷ್ಟು ಎಣ್ಣೆ ಹಾಕಿದಳು. ಕಾದ ಪತ್ರಾಸಿನ ಕೆಳಗೆ ಫ್ಯಾನು ಆರಿಸಿ ನೇಯ್ದಳು. ಮೈಯ ಬೆವರು ಸೀರೆಯ ಮೇಲೆ ಬಿದ್ದು ಕಲೆಯಾದರೆ ಅದಕ್ಕೂ ಮಜೂರಿ ಕಡಿತ.

ಯಾರಿಗೂ ಹೇಳುವುದು ಬೇಡ, ಖರೆ ಎಷ್ಟು ಅಂತ ತಿಳಿದುಕೊಳ್ಳುತ್ತೇನೆ, ಅಷ್ಟೆ ಎಂದು ಮನಸ್ಸಿಗೆ ಸುಳ್ಳು ಹೇಳಿಕೊಂಡಳು.

ಅವಳು ಮಗ್ಗ ಹಚ್ಚುವುದು ಬೆಳಿಗ್ಗೆ ಐದಕ್ಕೆ. ಬಸವಕುಮಾರ ಪ್ಲಾಂಟಿನ ಬಾಗಿಲು ತೆಗೆಯುವುದು ಏಳಕ್ಕೆ. ನಡುವಿನ ಎರಡು ತಾಸು ಕರೆಂಟು ಅವಳೊಬ್ಬಳದೇ. ಆ ಎರಡು ತಾಸು ಅವಳು ಒಂದು ಕಣ್ಣು ಲಾಳಿಯ ಮೇಲೆ, ಒಂದು ಕಣ್ಣು ಮೀಟರಿನ ಮೇಲೆ ಇಟ್ಟಳು. ಕಳ್ಳತನ ಮಾಡುವವರಂತೆ ಆಗಾಗ ಬಾಗಿಲ ಕಡೆ ನೋಡುತ್ತಿದ್ದಳು. ಹೊರಗೆ ಬೈಕು ನಿಂತರೆ ಕಂಡಕಿ ಬದಲಿಸುವವಳಂತೆ ಬಗ್ಗುತ್ತಿದ್ದಳು. ಎರಡೂ ಮಗ್ಗ ಎರಡು ತಾಸು ಓಡಿದರೆ ಮೀಟರಿನ ಅಂಕಿ ಎರಡು ಸಲ ಹೊರಳುತ್ತಿತ್ತು, ಅಂದರೆ ಎರಡು ಯುನಿಟ್ಟು. ಮರುದಿನವೂ ಎರಡು. ಎಂಟು ದಿನ ನೋಡಿದಳು, ಎರಡೇ. ಏಳು ಹೊಡೆದು ಗೋಡೆಯ ಆಚೆ ಬಾಗಿಲು ಕಿರುಗುಟ್ಟಿದ ಮೇಲೆ ಚಕ್ರ ಹುಚ್ಚು ಹಿಡಿದಂತೆ ತಿರುಗುತ್ತಿತ್ತು.

ಹನ್ನೆರಡು ತಾಸಿಗೆ ಹನ್ನೆರಡು ಯುನಿಟ್ಟು. ಅದನ್ನು ಅವಳು ಬರೆದಿಡಲಿಲ್ಲ, ಬರೆಯಲು ಬರುತ್ತಿರಲಿಲ್ಲ. ಟ್ರಂಕಿನಲ್ಲಿ ಅಪ್ಪನ ಕಂಬಳಿಯ ಕರಿ ಉಣ್ಣೆದಾರ ಇತ್ತು. ಅಪ್ಪ ಅಮಸಿದ್ದಪ್ಪ ಹಟ್ಟಿಯ ಬಾಯಿಯಲ್ಲಿ ಕುರಿ ಎಣಿಸುವಾಗ ದಾರಕ್ಕೆ ಗಂಟು ಹಾಕುತ್ತಿದ್ದ. ಹಟ್ಟಿಯ ಬಾಯಿಯಿಂದ ಒಮ್ಮೆಗೆ ಎರಡು ಕುರಿ ಹೊರಬೀಳುತ್ತವೆ. ಜೋಡಿಗೊಂದು ಗಂಟು. ಸಾತವ್ವ ಕಲಿತ ಎಣಿಕೆ ಅದೊಂದೇ. ಅದಕ್ಕೇ ದಿನಕ್ಕೆ ಆರು ಗಂಟು ಹಾಕಿದಳು. ತಿಂಗಳಲ್ಲಿ ಇಪ್ಪತ್ತೈದು ದಿನ ಮಗ್ಗ ನಡೆಯಿತು. ಗಂಟು ನೂರಾ ಐವತ್ತಾದವು. ಯುನಿಟ್ಟು ಮುನ್ನೂರು.

ಮುಂದಿನ ಅಮಾವಾಸ್ಯೆಗೆ ಬಸವಕುಮಾರ ಬಂದು ಮೀಟರು ಓದಿದ. “ಈ ತಿಂಗಳ ಒಂಬೈನೂರಾ ಮೂವತ್ತು ಯುನಿಟ್ಟು,” ಎಂದ.

ಸಾತವ್ವ ದಾರ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಭೀಮಶಿ ದಾರಿಗೆ ಅಡ್ಡ ನಿಂತ. “ಹೋಗಬ್ಯಾಡ. ಬಡವನ ಸಿಟ್ಟು ದವಡಿಗಿ ಮೂಲ. ನನ್ನ ಕೈ ಹೋಗೈತಿ. ನೀನೂ ಹ್ವಾದರ ನಾ ಏನ್ ಮಾಡ್ಲಿ?”

“ಜಗಳ ಮಾಡಂಗಿಲ್ಲ. ಕೇಳಿ ಬರ್ತೇನಿ.”

ಸಾವ್ಕಾರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಸಾತವ್ವ ಕೆಳಗೆ ಅಂಗಳದಲ್ಲಿ ನಿಂತಳು. ಕಟ್ಟೆ ಹತ್ತು ಎಂದು ಯಾರೂ ಅವಳಿಗೆ ಹೇಳಿದ್ದಿಲ್ಲ. ಮಜೂರಿ ತೆಗೆದುಕೊಳ್ಳಲು ಬಂದ ನಾಲ್ಕು ಜನ ಅಲ್ಲೇ ಇದ್ದರು. ತಂತಿಯ ಮಾತು ಆಡಲೇಬೇಕೆಂದು ಬಂದವಳು ಅಷ್ಟು ಮುಖ ನೋಡಿ ಆ ಮಾತು ಬಿಟ್ಟಳು. ದಾರ ತೆಗೆದು ಎರಡೂ ಕೈಯಲ್ಲಿ ಹಿಡಿದಳು.

“ನಮ್ಮ ಮಗ್ಗ ಇಷ್ಟ ತಿಂದಾವ್ರಿ, ಸಾವ್ಕಾರ್ರ. ನಾ ದಿನಾ ನೋಡಿ ಗಂಟ ಹಾಕೇನ್ರಿ.”

ಸಾವ್ಕಾರನ ಮುಖ ಒಂದು ಕ್ಷಣ ಬಿಳಚಿಕೊಂಡಿತು. ಆಮೇಲೆ ಮಗನಿಗೆ ಸನ್ನೆ ಮಾಡಿದ. ಬಸವಕುಮಾರ ದಾರ ಇಸಿದುಕೊಂಡು ಎಣಿಸಿದ. ಬೇಕೆಂದೇ ಗಟ್ಟಿಯಾಗಿ ಎಣಿಸಿದ.

“ನೂರಾ ಐವತ್ತು.”

“ನೂರಾ ಐವತ್ತು?” ಎಂದ ಸಾವ್ಕಾರ. ಅವನ ದನಿಗೆ ಜೀವ ಬಂತು. “ನೂರಾ ಐವತ್ತ ಯುನಿಟ್ಟಿನಾಗ ಎರಡು ಮಗ್ಗ ತಿಂಗಳ ಓಡತಾವೇನು? ತೊಟ್ಟಿಲದಾಗಿನ ಕೂಸು ನಕ್ಕೀತು. ಉಳದ ಕರೆಂಟು ಎಲ್ಲಿಂದ ತಂದಿ ಸಾತವ್ವಾ?”

“ಜೋಡೀರಿ. ಒಂದು ಗಂಟಂದ್ರ ಎರಡ್ರಿ.”

“ಕುರಿ ಲೆಕ್ಕ,” ಎಂದ ಬಸವಕುಮಾರ. ನಾಲ್ಕೂ ಜನ ನಕ್ಕರು. ನಗದಿದ್ದರೆ ಅವರ ಮಜೂರಿಗೂ ಕತ್ತರಿ ಬೀಳುತ್ತಿತ್ತು.

“ನೀನ ಕಟ್ಟಿದ ಗಂಟು. ನೀನ ತಂದ ತೋರಿಸಿದಿ. ಮೀಟರ್ ಮುಂದ ದಿನಾ ನಿಂತು ಏನ್ ಮಾಡ್ತಿದ್ದಿ ಅನ್ನೂದು ಈಗ ತಿಳೀತು. ಕರೆಂಟ್ ಕಳವು ಮಾಡಿದ್ರ ಜೇಲ್ ಆಗತೈತಿ. ಗೊತ್ತೈತಿಲ್ಲೊ?”

ಮೀಟರಿನಲ್ಲಿ ಒಂಬೈನೂರಾ ಮೂವತ್ತು ಬಂದದ್ದು ಆ ಕ್ಷಣ ಯಾರ ಬಾಯಿಗೂ ಬರಲಿಲ್ಲ. ಸಾತವ್ವನ ಬಾಯಿಗೂ ಬರಲಿಲ್ಲ. ಕಳವು ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳಿಗೆ ಲೆಕ್ಕವೇ ಮರೆಯಿತು. ಉಚ್ಚೆ ಬಂದಂತಾಗಿ ತೊಡೆ ಬಿಗಿ ಹಿಡಿದು ನಿಂತಳು. ಕಟ್ಟೆಯ ಮೇಲಿದ್ದವನು ಆಡಿದ್ದೇ ಲೆಕ್ಕ, ಅಂಗಳದಲ್ಲಿದ್ದವಳು ಆಡಿದ್ದು ಕುರಿಯ ಲೆಕ್ಕ. ಅಲ್ಲಿಯ ನ್ಯಾಯ ಅಷ್ಟೇ.

“ನಾ ಪೋಲೀಸ್ ಕರಸಂಗಿಲ್ಲ,” ಎಂದ ಸಾವ್ಕಾರ, ಧರ್ಮ ಮಾಡುವವನಂತೆ. “ಕಳವು ಆಗೈತಿ, ದಂಡದ ಬದಲಿ ಎರಡೂ ಮಗ್ಗ ಬಿಟ್ಟ ಕೊಟ್ಟೇವಿ ಅಂತ ಕಾಗದ ಮಾಡಸ್ತೇನಿ. ನಾಳಿ ಮುಂಜಾನೆ ಹೆಬ್ಬಟ್ಟ ಒತ್ತು. ಶೆಡ್ ಖಾಲಿ ಮಾಡು. ಹೆಂಗೂ ಬಸವಕುಮಾರ್ಗ ಪ್ಲಾಂಟಿಗಿ ಜಾಗಾ ಸಾಲವಲ್ದು.”

ದಾರವನ್ನು ಅವನೇ ಇಟ್ಟುಕೊಂಡ. ಪುರಾವೆ ಅಂತೆ.

ಮರುದಿನ ಸಾತವ್ವ ಐದಕ್ಕೇ ಎದ್ದು ಮಗ್ಗ ಹಚ್ಚಿದಳು. ಬೇರೆ ಏನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಭೀಮಶಿ ಪಾತ್ರೆ ಪಗಡ ಒಂದು ಚೀಲದಲ್ಲಿ ತುಂಬುತ್ತಿದ್ದ. ನೂಲಿನ ಎಳೆ ಎರಡು ಸಲ ಹರಿಯಿತು. ಗಂಟು ಹಾಕಲು ಹೋದವಳು ಎರಡು ಸಲವೂ ತಪ್ಪು ಎಳೆ ಹಿಡಿದಳು. ಹತ್ತರ ಸುಮಾರಿಗೆ ಶಿದ್ರಾಮಪ್ಪ ಬಂದ. ಹಿಂದೆ ಬಸವಕುಮಾರ, ಕೈಯಲ್ಲಿ ಕಾಗದ ಮತ್ತು ಶಾಯಿಯ ಡಬ್ಬಿ. ಕಾಗದದ ಸುತ್ತ ಅವಳದೇ ಉಣ್ಣೆದಾರ ಸುತ್ತಿದ್ದರು. ಪ್ಲಾಂಟಿಗೆ ನೀರಿಗೆ ಬಂದಿದ್ದ ಪಕ್ಕದ ಶೆಡ್ಡಿನ ಮಧುಮತಿ ಖಾಲಿ ಕ್ಯಾನು ಹಿಡಿದು ಬಾಗಿಲಲ್ಲಿ ಇಣುಕಿದಳು. ಅವಳ ಹಿಂದೆ ಇನ್ನೂ ಇಬ್ಬರು ಮೂವರು.

ಬಸವಕುಮಾರ ಕಾಗದವನ್ನು ಬೀಮಿನ ಮೇಲೆ ಬಿಚ್ಚಿ ಸಾತವ್ವನ ಎಡಗೈ ಹಿಡಿದ. ಹೆಬ್ಬೆರಳನ್ನು ಶಾಯಿಗೆ ಒತ್ತಿದ. ಬೆರಳು ತಣ್ಣಗಾಯಿತು, ಕಪ್ಪಾಯಿತು. ಕಾಗದಕ್ಕೆ ಇನ್ನು ನಾಲ್ಕು ಬೆರಳಿನ ದೂರ.

ಸಾತವ್ವ ಕೈ ಕಿತ್ತುಕೊಂಡಳು.

ಧೈರ್ಯ ಬಂದು ಕಿತ್ತುಕೊಂಡದ್ದಲ್ಲ. ಕಳ್ಳಿ ಎನಿಸಿಕೊಂಡು ಈ ಬಾಗಿಲು ದಾಟುವುದಕ್ಕೆ ಅವಳಿಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು. ಎರಡು ಹೆದರಿಕೆಯಲ್ಲಿ ದೊಡ್ಡದು ಗೆದ್ದಿತು.

“ಒತ್ತಂಗಿಲ್ರಿ.”

“ಏನಂದಿ?”

“ನಾ ಕದ್ದಿಲ್ಲ. ಒತ್ತಂಗಿಲ್ಲ.”

ಅವಳು ಕಂಡಕಿಯ ಬುಟ್ಟಿ ಇಡುವ ಕಟ್ಟಿಗೆಯ ಮಣೆ ಎಳೆದು ಪೆಟ್ಟಿಗೆಯ ಕೆಳಗೆ ಹಾಕಿ ಮೇಲೆ ಹತ್ತಿದಳು. ಭೀಮಶಿ ಬಾಗಿಲಲ್ಲಿ, “ಸಾತಿ, ಬ್ಯಾಡ,” ಎಂದ. ದನಿ ಒಡೆದಿತ್ತು. ಸಾತವ್ವ ಸೆರಗಿಗೆ ಕೈ ಒರೆಸಿದಳು. ಮತ್ತೆ ಬೆವರಿತು. ಮತ್ತೆ ಒರೆಸಿದಳು. ಹಿಡಿಕೆ ಮೂಗಿನ ನೇರಕ್ಕಿತ್ತು. ಸುಟ್ಟ ಚರ್ಮದ ಆ ವಾಸನೆ ಬಂತು. ಈಗ ಒನಕೆ ತರುವವರು ಯಾರು ಎಂದು ಒಂದು ಕ್ಷಣ ಅನಿಸಿತು.

“ಕೈ ತಗಿ ಸಾತವ್ವಾ,” ಎಂದ ಸಾವ್ಕಾರ. “ಕರೆಂಟ್ ಹಿಡದು ಸಾಯ್ತಿ.”

ಸೆರಗನ್ನು ಅಂಗೈಗೆ ಸುತ್ತಿ, ಕಣ್ಣು ಮುಚ್ಚಿ ಹಿಡಿಕೆಯನ್ನು ಕೆಳಗೆ ಎಳೆದಳು.

ಎರಡೂ ಮಗ್ಗ ನಿಂತವು. ಲಾಳಿ ಅರ್ಧ ದಾರಿಯಲ್ಲಿ ನಿಂತಿತು. ಗೋಡೆಯ ಆಚೆ ಗುಂಯ್ ಎನ್ನುತ್ತಿದ್ದದ್ದು ಸಣ್ಣಗಾಗುತ್ತ ಆಗುತ್ತ ಇಲ್ಲವಾಯಿತು. ಸಾತವ್ವ ಕಣ್ಣು ತೆರೆದಳು. ಬದುಕಿದ್ದಳು.

ಆಚೆಯಿಂದ ಯಾರೋ ಕೂಗಿದರು. “ಬಸವಕುಮಾರಣ್ಣಾ, ನೀರ ನಿಂತ್ವು ನೋಡ್ರಿ. ಅರ್ಧ ಕ್ಯಾನ್ ಆಗೈತಿ.”

“ಲೈನ್ ಹೋಗೈತಿ,” ಎಂದ ಬಸವಕುಮಾರ ಅವಸರವಾಗಿ.

“ಎಲ್ಲಿ ಹೋಗೈತಿ?” ಎಂದಳು ಮಧುಮತಿ. “ನಮ್ಮ ಮಗ್ಗ ನಡದಾವಲ್ರಿ. ಕೇಳ್ರಿ.”

ಕೇಳಿದರು. ಓಣಿಯ ತುಂಬ ಖಟಖಟ ನಡೆದೇ ಇತ್ತು. ಮಧುಮತಿಯ ಕಣ್ಣು ಪೆಟ್ಟಿಗೆಯಿಂದ ತಂತಿಗೆ, ತಂತಿಯಿಂದ ಪತ್ರಾಸಿನ ಸಂದಿಗೆ ಹೋಯಿತು. ಭಂಡಾರದ ಹಳದಿ ಗುರುತು ಅಲ್ಲಿಯ ತನಕ ಇತ್ತು.

“ಅಕ್ಕಾ, ಇನ್ನೊಮ್ಮೆ ಏರಸು.”

ಸಾತವ್ವ ಹಿಡಿಕೆ ಏರಿಸಿದಳು. ಆಚೆ ಮಷೀನು ಗುಂಯ್ ಎಂದಿತು. ಇಳಿಸಿದಳು. ನಿಂತಿತು. ಕ್ಯಾನು ಹಿಡಿದವರು ಒಬ್ಬೊಬ್ಬರಾಗಿ ಆ ಬಾಗಿಲಿನಿಂದ ಈ ಬಾಗಿಲಿಗೆ ಬಂದರು. ನಿನ್ನೆ ಅಂಗಳದಲ್ಲಿ ನಕ್ಕ ಒಬ್ಬನೂ ಅವರಲ್ಲಿದ್ದ. ಅವನು ನೆಲ ನೋಡುತ್ತಿದ್ದ.

“ಏರಸು ಅದನ್ನ,” ಎಂದ ಸಾವ್ಕಾರ.

“ಏರಸಂಗಿಲ್ರಿ. ಮೊದಲ ಈ ತಂತಿ ಕೀಳ್ರಿ.”

“ಶೆಡ್ ನಂದು.”

“ಮಗ್ಗ ನಮ್ಮವ್ರಿ. ಕೈ ಸುಟ್ಟದ್ದೂ ನಮ್ಮದ.”

ಹೆದರಿಕೆ ಹೋಗಿರಲಿಲ್ಲ. ನಾಳೆ ನೂಲು ಯಾರು ಕೊಡುತ್ತಾರೆ, ಗೊತ್ತಿಲ್ಲ. ಹಿಡಿಕೆಯ ಮೇಲಿನ ಕೈಯನ್ನು ಮಾತ್ರ ತೆಗೆಯಲಿಲ್ಲ.

ಆಗ ಭೀಮಶಿ ಹೊಸ್ತಿಲು ದಾಟಿ ಒಳಗೆ ಬಂದ. ಪೆಟ್ಟಿಗೆಯ ಕೆಳಗಿನ ತನಕ ಬಂದ. ಬೀಮಿನಿಂದ ಜಾರಿ ಬಿದ್ದಿದ್ದ ಕಾಗದವನ್ನು ಅಲ್ಲೇ ಬಿಟ್ಟು, ದಾರವನ್ನಷ್ಟೇ ಎತ್ತಿಕೊಂಡ. ಮಡಚಿದ ಎರಡು ಬೆರಳಿಗೆ ಅದರ ತುದಿ ಸಿಕ್ಕಿಸಿ, ಎಡಗೈಯಲ್ಲಿ ಮೊದಲ ಗಂಟು ಹಿಡಿದ.

“ಒಂದ ಜೋಡಿ,” ಎಂದ. ದನಿ ಬಹಳ ಸಣ್ಣಗಿತ್ತು. “ಎರಡ ಜೋಡಿ.”

ಮಧುಮತಿ ಖಾಲಿ ಕ್ಯಾನನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು.

“ಸ್ವಲ್ಪ ಗಟ್ಟಿ ಎಣಸು ಅಣ್ಣಾ,” ಎಂದಳು. “ಸಾವ್ಕಾರ್ರಿಗೆ ಕೇಳಸ್ಲಿ.”